ಕಿವಿ ಅಂದ್ರೆ ಸ್ಟೆಪ್ನಿ ಅಲ್ಲ ಸ್ವಾಮಿ!

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಒಂದು ಕಿವಿ ಕೇಳದವರಿಗೆ ಸಿಗೋ ಸಮಾಧಾನ ಒಂದೇ: "ಇನ್ನೊಂದ್ ಐತಲ್ಲ, ಬಿಡು". ಊರ ಮಂದಿ ಅಂದ್ರೆ ಬಿಡಬಹುದು. ಕಾನೂನೂ ಅದನ್ನೇ ಅಂದ್ರೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶ್ರವಣದೋಷ ಅಂದ್ರೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ. ಒಂದು ಕಿವಿ ಪೂರ್ತಿ ಸತ್ತಿದ್ದರೂ ಲೆಕ್ಕಕ್ಕಿಲ್ಲ!

ಎಡಗಡೆಯ ಸದ್ದು ಬಲಗಿವಿಗೆ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತೆ. ಎರಡೂ ಕಡೆಯ ನರಕೋಶಗಳ ಮಿಡಿತ ಮೆದುಳಿನ ಬುಡದಲ್ಲಿ ಸೇರಿ, ಯಾವುದು ಮೊದಲು ಬಂತು ಅನ್ನೋದರಿಂದ ದಿಕ್ಕು ತಿಳಿಯುತ್ತೆ. ಸದ್ದು ಸ್ಪಷ್ಟವಾಗಿದ್ದರೆ 10 ಮೈಕ್ರೋಸೆಕೆಂಡ್ ವ್ಯತ್ಯಾಸವೂ ಸಾಕು. ಒಂದು ಮಿಡಿತವೇ ಸುಮಾರು 1000 ಮೈಕ್ರೋಸೆಕೆಂಡ್ ಇರುತ್ತೆ, ನೋಡಿ! (ಕೋಡ್ ಬರೆಯೋ ನನಗೆ ಹೊಟ್ಟೆಕಿಚ್ಚು.) ಆದರೆ ಹೋಲಿಸೋಕೆ ಎರಡು ಬೇಕಲ್ಲ?

ಇಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದ್ರೆ ಇವರಿಗೂ ಚೆನ್ನಾಗೇ ಕೇಳುತ್ತೆ. ಎಡಕ್ಕೆ ಸರಿಬೇಕೋ ಬಲಕ್ಕೋ, ಅದು ಗೊತ್ತಾಗೋದು ಕಷ್ಟ. ಕ್ಲಾಸಿನ ಗದ್ದಲದಲ್ಲಿ ಮಾಸ್ತರ ಮಾತು ಹಿಡಿಯೋದೂ ಅಷ್ಟೇ. ಅಂಥ ಹುಡುಗನಿಗೆ ಮುಂದಿನ ಬೆಂಚು ಕೊಡೋದು ಬಿಟ್ಟು "ಲಕ್ಷ್ಯ ಎಲ್ಲೈತಿ?" ಅಂತ ಬೆನ್ನಿಗೆ ಗುದ್ದೋದು ಯಾವ ನ್ಯಾಯ?

ಆ "ಎರಡೂ ಕಿವಿ" ಅನ್ನೋ ಷರತ್ತು ಮೊದಲು ತೆಗೀರಿ.