ಕಾರಿನ ಪರದೆ 32 ಅಂತದ, ಗೇಜ್ 28 ಅಂತದ: ಯಾವುದನ್ನ ನಂಬೋದು?

ಮುನವಳ್ಳಿ ಕಡೆಯ ಗೆಳೆಯನೊಬ್ಬ ಹೋದ ವಾರ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದ. ಒಂದು ಅವನ ಹೊಸ ಕಾರಿನ ಪರದೆ. ಮುಂದಿನ ಎಡಗಡೆ ಟೈರ್ 32 ಪಿಎಸ್‌ಐ. ಇನ್ನೊಂದು ಕೈಯಲ್ಲಿ ಹಿಡಿಯುವ ಗೇಜ್. ಅದೇ ಟೈರ್, 28. ಕೆಳಗೆ ಒಂದೇ ಸಾಲು: "ಯಾವದು ಸುಳ್ಳು ಹೇಳಾಕತ್ತೈತಿ?"

ಫೋಟೋ ಯಾವಾಗ ತೆಗೆದೆ ಅಂತ ಕೇಳಿದೆ. ಪರದೆಯದು ಧಾರವಾಡದಿಂದ ಮಧ್ಯಾಹ್ನ ಬಂದು ಗಾಡಿ ನಿಲ್ಲಿಸಿದಾಗ. ಗೇಜಿನದು ಮರುದಿನ ಬೆಳಿಗ್ಗೆ ಆರಕ್ಕೆ. ಉತ್ತರ ಅಲ್ಲೇ ಇತ್ತು. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ರಸ್ತೆಯ ಕಾವು, ಓಡಿದ ಕಾವು ಸೇರಿ 20 ಡಿಗ್ರಿ ಏರುವುದು ದೊಡ್ಡ ಮಾತಲ್ಲ. ಅಂದರೆ ಆ ನಾಲ್ಕರಲ್ಲಿ ಮೂರು ಬಿಸಿಯದು, ಉಳಿದ ಒಂದು ಉಪಕರಣಗಳ ವ್ಯತ್ಯಾಸ. ಎರಡೂ ಸುಳ್ಳು ಹೇಳಿಲ್ಲ. ಆದರೆ ಹವಾ ಹಾಕಿಸೋದು, ಬಿಡೋದು ಇದ್ದರೆ ನನ್ನ ಮಾತು ಒಂದೇ: ಬೆಳಿಗ್ಗೆ ತಣ್ಣಗಿರುವಾಗ ಗೇಜ್ ಹಚ್ಚಿ ನೋಡ್ರಿ. ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯಲ್ಲಿನ ಅಂಕಿ ತಣ್ಣಗಿನ ಟೈರಿನದು.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಎರಡು ವರ್ಷದ ಹಿಂದೆ ತರಕಾರಿ ಸಾಗಿಸುವ ಪಿಕಪ್‌ಗೆ ಆನ್‌ಲೈನ್‌ನಲ್ಲಿ ವಾಲ್ವ್ ಮುಚ್ಚಳದ ಸೆನ್ಸರ್ ತರಿಸಿ ಹಾಕಿದೆ. ಫೋನಿನಲ್ಲೇ ನಾಲ್ಕೂ ಟೈರಿನ ಅಂಕಿ. ಏಪ್ರಿಲ್ ಮಧ್ಯಾಹ್ನ ಬದನೆ, ಹಸಿಮೆಣಸಿನಕಾಯಿ ತುಂಬಿಕೊಂಡು ಬೈಲಹೊಂಗಲ ಮಾರ್ಗವಾಗಿ ಬೆಳಗಾವಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಹಿಂದಿನ ಟೈರ್ 58 ತೋರಿಸಿತು. ಬೇಕಾದದ್ದು 52. ಹೆಚ್ಚಾಯ್ತು ಅಂತ ಅಲ್ಲೇ ನಿಂತು 52ಕ್ಕೆ ಇಳಿಸಿದೆ! ರಾತ್ರಿ ತಣ್ಣಗಾದ ಮೇಲೆ ಅದು 46. ಮರುದಿನ ಮತ್ತೆ ಅದೇ ಭಾರ. ಹೀಗೆ ತಿಂಗಳುಗಟ್ಟಲೆ ಓಡಿಸಿದೆ. ಕೊನೆಗೆ ಪಂಚರ್ ಅಂಗಡಿಯ ಹಿರಿಯರು ಟೈರಿನ ಎರಡೂ ಅಂಚು ಸವೆದದ್ದನ್ನು ಬೆರಳಿಟ್ಟು ತೋರಿಸಿದರು. "ತಮ್ಮಾ, ಬಿಸಿ ಟಾಯರಿನ ಹವಾ ಯಾರರ ಬಿಡ್ತಾರೇನು?" ಅರಭಾವಿ ತೋಟಗಾರಿಕೆ ಕಾಲೇಜಿನ ಡಿಗ್ರಿ ಆ ಹೊತ್ತಿಗೆ ಏನೂ ಉಪಯೋಗಕ್ಕೆ ಬರಲಿಲ್ಲ.

ಸೆನ್ಸರ್ ಕೆಟ್ಟಿರಲಿಲ್ಲ, ನಾನು ಓದಿದ್ದು ತಪ್ಪು. ಆದರೂ ಸೆನ್ಸರ್‌ಗಳಲ್ಲೂ ಜಾತಿ ಬೇರೆ ಬೇರೆ, ಅದು ಗೊತ್ತಿರಬೇಕು. ಒಂದು ಜಾತಿ ಚಕ್ರದೊಳಗೇ ಕುಳಿತು ಒತ್ತಡ ಅಳೆದು ರೇಡಿಯೋ ಮೂಲಕ ಕಳಿಸುತ್ತದೆ. ಇದು ಒಳ್ಳೆಯದೇ, ಸಾಮಾನ್ಯವಾಗಿ ಒಂದು-ಒಂದೂವರೆ ಪಿಎಸ್‌ಐ ಆಚೀಚೆ. ಆದರೆ ಬ್ಯಾಟರಿ ಉಳಿಸಲು ಗಾಡಿ ನಿಂತಾಗ ಬಹುತೇಕ ನಿದ್ದೆ ಮಾಡುತ್ತದೆ. ನಿಂತ ಗಾಡಿಯ ಪರದೆಯಲ್ಲಿರುವುದು ಎಷ್ಟೋ ಸಲ ಹಿಂದಿನ ಸಲ ಓಡಿದಾಗಿನ ಅಂಕಿ.

ಇನ್ನೊಂದು ಜಾತಿ ಗಾಳಿಯನ್ನು ಅಳೆಯುವುದೇ ಇಲ್ಲ. ಹವಾ ಕಡಿಮೆಯಾದ ಚಕ್ರ ಸ್ವಲ್ಪ ಸಣ್ಣದಾಗಿ ಬೇರೆಯವಕ್ಕಿಂತ ಜೋರಾಗಿ ತಿರುಗುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರ್ ಆ ವ್ಯತ್ಯಾಸ ಹಿಡಿದು ದೀಪ ಹಚ್ಚುತ್ತದೆ. ಇಂಥ ಗಾಡಿಯಲ್ಲಿ ಹವಾ ಹಾಕಿಸಿದ ಮೇಲೆ ರೀಸೆಟ್ ಒತ್ತಬೇಕು. ತಪ್ಪು ಹವಾ ಇದ್ದಾಗ ಒತ್ತಿದಿರೋ, ಆ ತಪ್ಪನ್ನೇ ಸರಿ ಅಂತ ಕಲಿತುಕೊಳ್ಳುತ್ತದೆ. ಹಾಗಾಗಿ ರೀಸೆಟ್‌ಗೆ ಮೊದಲು ಗೇಜ್ ಬೇಕೇ ಬೇಕು.

ದೀಪ ಹತ್ತಿಲ್ಲ ಅಂದರೆ ಎಲ್ಲ ಸರಿ ಅಂತಲೂ ಅಲ್ಲ. ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯ. ಅಲ್ಲಿನ ನಿಯಮದಲ್ಲಿ ದೀಪ ಹತ್ತಬೇಕಾದದ್ದು ಒತ್ತಡ ಶೇ. 25 ಇಳಿದಾಗ. 32 ಇರಬೇಕಾದ ಟೈರ್ 25ಕ್ಕೆ ಬಂದರೂ ದೀಪ ಸುಮ್ಮನಿರಬಹುದು. ನಮ್ಮಲ್ಲಿ 2020ರ ಅಕ್ಟೋಬರ್‌ನಿಂದ ಈ ವ್ಯವಸ್ಥೆ, ಟ್ಯೂಬ್‌ಲೆಸ್ ಟೈರ್ ಮತ್ತು ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ. ಹೊಲದ ದಾರಿಯಲ್ಲಿ ಕಲ್ಲಿಗೆ ಟೈರಿನ ಪಕ್ಕೆ ಸೀಳಿದರೆ ಕಿಟ್ ಏನು ಮಾಡೀತು? ಕಾರು ಕೊಳ್ಳುವಾಗ ಡಿಕ್ಕಿ ತೆಗೆಸಿ ನೋಡ್ರಿ.

ಗೋವಾಕ್ಕೆ ತರಕಾರಿ ಒಯ್ಯುವವರಿಗೆ ಇನ್ನೊಂದು ಮಾತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಚೋರ್ಲಾ ಘಾಟ್ ಇಳಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಾಗಿ ಗೇಜಿನಲ್ಲಿ ಒಂದು ಪಿಎಸ್‌ಐ ಚಿಲ್ಲರೆ ಕಡಿಮೆ ಕಾಣಬಹುದು. ಟೈರಿನಿಂದ ಚೂರೂ ಹವಾ ಹೋಗಿರುವುದಿಲ್ಲ. ಪಂಚರ್ ಹುಡುಕುತ್ತ ಕೂಡಬ್ಯಾಡ್ರಿ.

ನನಗೆ ನಿಜವಾಗಿ ಚಿಂತೆ ಇರುವುದು ಕಾರಿನದಲ್ಲ, ಟ್ರ್ಯಾಕ್ಟರಿನದು. ಕಾರಿನ ಪರದೆಯ ಒಂದು ಅಂಕಿಗೆ ಜಗಳಾಡುವ ನಾವು, ಪರದೆಯೇ ಇಲ್ಲದ ಟ್ರ್ಯಾಕ್ಟರಿನ ಹವಾ ನೋಡಿ ಎಷ್ಟು ತಿಂಗಳಾಯ್ತು? ಹಲವು ಟ್ರ್ಯಾಕ್ಟರುಗಳ ಹಿಂದಿನ ಗಾಲಿಗೆ ಹೊಲದ ಕೆಲಸಕ್ಕೆ 12ರಿಂದ 14 ಪಿಎಸ್‌ಐ ಸಾಕು. ಕಬ್ಬಿನ ಟ್ರೇಲರ್ ಎಳೆಯಲು ಏರಿಸಿದ ಹವಾದಲ್ಲೇ ಎರಿ ಹೊಲಕ್ಕೆ ಇಳಿಯುತ್ತೇವೆ. ಮೇಲ್ಮಣ್ಣಿಗೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಒತ್ತಡದಷ್ಟೇ (ಆಳದಲ್ಲಿ ಗಾಡಿಯ ಭಾರದ ಲೆಕ್ಕ ಬೇರೆ). ಹಸಿ ಎರಿ ಮಣ್ಣು ಒಮ್ಮೆ ಗಟ್ಟಿಯಾದರೆ ಹಿಂಗಾರಿ ಜೋಳ, ಕಡಲೆ ಬೇರು ಇಳಿಯಲು ಒದ್ದಾಡುತ್ತವೆ. ಗೊಬ್ಬರ, ಜೀವಾಮೃತ ಅಂತ ವರ್ಷಗಟ್ಟಲೆ ಸಡಿಲ ಮಾಡಿದ ಮಣ್ಣನ್ನು ಒಂದು ಮುಂಜಾನೆ ತುಳಿದು ಹಾಳು ಮಾಡಿದ್ದು ನನ್ನ ಹೊಲದಲ್ಲೇ ಇದೆ. ಗಾಲಿ ಹೋದ ಸಾಲಿನಲ್ಲಿ ಬೆಳೆ ಇವತ್ತಿಗೂ ಗಿಡ್ಡ.

ಇಲ್ಲಿ ಪಂಚರ್ ಅಂಗಡಿಯ ದೊಡ್ಡ ಗೇಜೂ ಉಪಯೋಗಕ್ಕಿಲ್ಲ. ಡಯಲ್ ಗೇಜಿನ ತಪ್ಪನ್ನು ಸಾಮಾನ್ಯವಾಗಿ ಪೂರ್ತಿ ಅಳತೆಯ ಶೇಕಡಾವಾರು ಹೇಳುತ್ತಾರೆ. 160ರ ತನಕ ತೋರಿಸುವ ಗೇಜಿನಲ್ಲಿ ಶೇ. 2 ಅಂದರೆ 3 ಪಿಎಸ್‌ಐ ಮೀರಿತು. 50ರಲ್ಲಿ ಅದು ನಡೆಯುತ್ತದೆ, 12ರಲ್ಲಿ ಕಾಲು ಭಾಗ ತಪ್ಪು. 30ರ ತನಕದ ಗೇಜ್ ಆದರೆ ಅದೇ ಶೇ. 2ಕ್ಕೆ ಬರೀ 0.6. ಆದ್ದರಿಂದ ಎರಡು ಗೇಜ್ ಇಟ್ಟುಕೊಳ್ರಿ: ಟ್ರ್ಯಾಕ್ಟರಿಗೆ ಕಡಿಮೆ ಅಳತೆಯದು, ಕಾರು-ಪಿಕಪ್‌ಗೆ ಇನ್ನೊಂದು. ಪೆನ್ಸಿಲ್ ಗೇಜ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಹಿಂದಿನ ಗಾಲಿಯಲ್ಲಿ ನೀರು ತುಂಬಿಸಿದ್ದರೆ ವಾಲ್ವ್ ಮೇಲಕ್ಕೆ ಬರುವಂತೆ ಗಾಡಿ ನಿಲ್ಲಿಸಿ ನೋಡಬೇಕು. ಕೆಳಗಿದ್ದರೆ ನೀರು ಗೇಜಿನೊಳಗೆ ನುಗ್ಗುತ್ತದೆ, ಅಂಕಿಯೂ ಹೆಚ್ಚು ತೋರಿಸುತ್ತದೆ.

ಹಾಗಾದರೆ ಸೆನ್ಸರ್ ತೆಗೆದು ಒಗೆಯಬೇಕಾ? ನಾನು ಒಗೆದಿಲ್ಲ. ನಾಲ್ಕರಲ್ಲಿ ಒಂದೇ ಟೈರ್ ದಿನಾ ಅರ್ಧರ್ಧ ಇಳಿಯುತ್ತಿದ್ದರೆ ಮೊಳೆ ಹೊಕ್ಕಿದೆ ಅಂತ ಅದು ಹೇಳಿದಷ್ಟು ಬೇಗ ನನ್ನ ಗೇಜ್ ಹೇಳುವುದಿಲ್ಲ. ತಿಂಗಳಿಗೊಮ್ಮೆ ನಸುಕಿನಲ್ಲಿ, ಗಾಡಿ ರಾತ್ರಿಯಿಡೀ ನಿಂತ ಮೇಲೆ ಗೇಜ್ ಹಚ್ಚುತ್ತೇನೆ, ನೂರು ಮೀಟರ್ ಓಡಿಸಿ ಫೋನಿನ ಅಂಕಿ ನೋಡುತ್ತೇನೆ, ಎರಡನ್ನೂ ಬರೆದಿಡುತ್ತೇನೆ. ನನ್ನ ಪಿಕಪ್‌ನಲ್ಲಿ ಫೋನ್ ಯಾವಾಗಲೂ 2 ಕಡಿಮೆ ಹೇಳುತ್ತದೆ, ನಾಲ್ಕೂ ಗಾಲಿಯಲ್ಲಿ. ಅದು ಗೊತ್ತಾದ ಮೇಲೆ ತೊಂದರೆಯಿಲ್ಲ. ನಿಮ್ಮದು ಎಷ್ಟು ಹೆಚ್ಚುಕಡಿಮೆ ಹೇಳುತ್ತದೆ ಅಂತ ನಾಳೆ ಬೆಳಿಗ್ಗೆ, ಹಾಲು ಕರೆಯೋಕೆ ಎದ್ದಾಗ, ನೋಡಿಬಿಡ್ರಿ.