ಕೊನೆಯ ಕಂಬದಾಚೆ

೧೮೮೮ನೆಯ ಇಸವಿಯ ಆಗಸ್ಟ್ ತಿಂಗಳಿನ ಒಂದು ಮುಂಜಾನೆ ಜರ್ಮನಿಯ ಮಾನ್‌ಹೈಮ್ ನಗರದಿಂದ ಬರ್ಥಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಮೂರು ಗಾಲಿಯ ಯಂತ್ರವಾಹನವೊಂದನ್ನೇರಿ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ವಾಹನವನ್ನು ನಿರ್ಮಿಸಿದ್ದವನು ಆಕೆಯ ಪತಿ ಕಾರ್ಲ್ ಬೆಂಜ್. ಕ್ರಮಿಸಬೇಕಾಗಿದ್ದ ದೂರ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಅಂದು ಜಗತ್ತಿನಲ್ಲಿ ಎಲ್ಲಿಯೂ ಪೆಟ್ರೋಲ್ ಬಂಕ್ ಎಂಬುದು ಇರಲಿಲ್ಲ. ನಡುದಾರಿಯಲ್ಲಿ ಇಂಧನ ತೀರುತ್ತ ಬಂದಾಗ ಆಕೆ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯ ಮುಂದೆ ನಿಂತು, ಬಟ್ಟೆಯ ಕಲೆ ತೆಗೆಯುವುದಕ್ಕೆಂದು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ವಾಹನಕ್ಕೆ ತುಂಬಿಸಿದಳು. ಪೆಟ್ರೋಲಿನ ವಾಹನ ದೂರಪ್ರಯಾಣಕ್ಕೆ ಬಾರದೆಂದು ಅಂದು ಯಾರಾದರೂ ತೀರ್ಮಾನಿಸಿದ್ದರೆ ಅವರನ್ನು ದೂಷಿಸುವಂತಿರಲಿಲ್ಲ.

ಇಂದು ಅದೇ ಮಾತು ವಿದ್ಯುತ್ ವಾಹನಗಳ ಕುರಿತು ಕೇಳಿಬರುತ್ತಿದೆ. ಎತ್ತರವಾದ ಮೈಕಟ್ಟಿನ, ಕಚ್ಚಾ ರಸ್ತೆಯಲ್ಲಿಯೂ ಓಡಬಲ್ಲ ದೊಡ್ಡ ಕಾರುಗಳನ್ನು ಜನ ಎಸ್‌ಯುವಿ ಎಂದು ಕರೆಯುತ್ತಾರೆ. ಈಚಿನ ವರ್ಷಗಳಲ್ಲಿ ಇಂತಹ ಕಾರುಗಳು ಕೇವಲ ಬ್ಯಾಟರಿಯ ಬಲದಿಂದಲೇ ಓಡುವಂತೆ ತಯಾರಾಗುತ್ತಿವೆ. ಜಾಹೀರಾತುಗಳಲ್ಲಿ ಅವು ಹೊಳೆಯನ್ನು ಹಾಯುತ್ತವೆ, ಮರಳುದಿಬ್ಬಗಳನ್ನು ಏರುತ್ತವೆ, ನಕ್ಷತ್ರಗಳ ಕೆಳಗೆ ಡೇರೆಯ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಜಾಹೀರಾತಿನಲ್ಲಿ ಯಾವ ಕಾರು ತಾನೆ ಬೆಟ್ಟವನ್ನೇರುವುದಿಲ್ಲ! ಆದರೆ ಜನವಸತಿಯಿಂದ ದೂರವಾದ ಎಡೆಗಳಿಗೆ ಹೋಗಿ, ಬಿಡಾರ ಹೂಡಿ, ಸುರಕ್ಷಿತವಾಗಿ ಹಿಂದಿರುಗಲು ಅವು ನಿಜವಾಗಿಯೂ ತಕ್ಕವೆ? ತಕ್ಕವಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ತಕ್ಕವೆಂದು ಒಂದೇ ಉಸಿರಿನಲ್ಲಿ ಹೊಗಳುವವರೂ ಲೆಕ್ಕ ಹಾಕಿ ನೋಡಿದವರಲ್ಲವೆಂದು ನನಗೆ ತೋರುತ್ತದೆ.

ಲೆಕ್ಕವನ್ನು ಒಂದು ಡೀಸೆಲ್ ಕ್ಯಾನಿನಿಂದ ಆರಂಭಿಸೋಣ. ಇಪ್ಪತ್ತು ಲೀಟರ್ ಡೀಸೆಲಿನ ತೂಕ ಸುಮಾರು ೧೭ ಕಿಲೋಗ್ರಾಂ. ನಿಮ್ಮಲ್ಲಿ ಗಟ್ಟಿಮುಟ್ಟಾದವರು ಅದನ್ನು ಎತ್ತಿ ಒಯ್ಯಬಲ್ಲಿರಿ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು ೨೦೦ ಕಿಲೋವ್ಯಾಟ್-ಗಂಟೆ. ಮನೆಗೆ ಬರುವ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ೨೦೦ ಯೂನಿಟ್. ಎಂಜಿನ್ನು ಇದರಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಚಲನೆಗೆ ಬಳಸಿ ಉಳಿದುದನ್ನು ಶಾಖವಾಗಿ ಗಾಳಿಗೆ ಚೆಲ್ಲಿಬಿಡುತ್ತದೆ. ಅಷ್ಟು ಚೆಲ್ಲಿದ ಮೇಲೂ ೬೦ ಯೂನಿಟ್ಟುಗಳಷ್ಟು ಉಪಯುಕ್ತ ಶಕ್ತಿ ದಕ್ಕುತ್ತದೆ. ಇಷ್ಟೇ ಶಕ್ತಿಯನ್ನು ಹಿಡಿದಿಡಬಲ್ಲ ಕಾರಿನ ಬ್ಯಾಟರಿಯ ತೂಕವಾದರೋ ಸುಮಾರು ೪೦೦ ಕಿಲೋಗ್ರಾಂ! ವಿದ್ಯುತ್ ಮೋಟಾರು ತನಗೆ ದೊರೆತ ಶಕ್ತಿಯ ಬಹುಭಾಗವನ್ನು ಚಲನೆಗೇ ಸಲ್ಲಿಸುತ್ತದೆ. ಆ ದೃಷ್ಟಿಯಿಂದ ಅದು ಎಂಜಿನ್ನಿಗಿಂತ ಎಷ್ಟೋ ಮಿತವ್ಯಯಿ. ಆದರೆ ಮಿತವ್ಯಯಿಯಾದ ಬಡವನಿಗೂ ದುಂದುಗಾರನಾದ ಸಿರಿವಂತನಿಗೂ ಇರುವ ಅಂತರ ಇಲ್ಲಿ ಇದ್ದೇ ಇದೆ. ಡೀಸೆಲ್ ಜೀಪಿನವನು ಎರಡು ಕ್ಯಾನುಗಳನ್ನು ಬಿಗಿದುಕೊಂಡು ಹೊರಡಬಹುದು. ವಿದ್ಯುತ್ ಕಾರಿನವನು ಇನ್ನೊಂದು ಬ್ಯಾಟರಿಯನ್ನು ಹೊತ್ತೊಯ್ಯಲಾರ.

ಈಗ ೭೫ ಯೂನಿಟ್ ಹಿಡಿಯುವ ಬ್ಯಾಟರಿಯುಳ್ಳ ಒಂದು ಕಾರನ್ನು ತೆಗೆದುಕೊಳ್ಳೋಣ. ಅದು ಇಷ್ಟು ದೂರ ಓಡುತ್ತದೆಂದು ತಯಾರಕರು ಹೇಳುವುದು ಪ್ರಯೋಗಶಾಲೆಯ ಮಾತು. ದುರ್ಗಮ ಪಥದಲ್ಲಿ ಕಾರಿನೊಳಗೆ ನಾಲ್ವರು ಕುಳಿತಿರುತ್ತಾರೆ. ಡೇರೆ, ಹಾಸಿಗೆ, ಕುಡಿಯುವ ನೀರು ತುಂಬಿರುತ್ತವೆ. ಛಾವಣಿಯ ಮೇಲಿನ ಹೊರೆ ಗಾಳಿಗೆ ಅಡ್ಡವಾಗುತ್ತದೆ, ಮರಳೂ ಕೆಸರೂ ಗಾಲಿಗಳನ್ನು ಹಿಡಿದೆಳೆಯುತ್ತವೆ, ಚಳಿ ಹೆಚ್ಚಿದಂತೆ ಬ್ಯಾಟರಿಯ ಕಸುವೂ ಕುಗ್ಗುತ್ತದೆ. ಇಂತಹ ಹಾದಿಯಲ್ಲಿ ನೂರು ಕಿಲೋಮೀಟರಿಗೆ ೨೫ ಯೂನಿಟ್ ವ್ಯಯವಾಗುವುದೆಂದು ಹಿಡಿದರೆ ಕಾರು ೩೦೦ ಕಿಲೋಮೀಟರ್ ಹೋದೀತು. ಆಪತ್ತಿಗೆಂದು ಐದನೆಯ ಒಂದು ಭಾಗವನ್ನು ಕಾದಿರಿಸಿದರೆ ಉಳಿಯುವುದು ೨೪೦. ಹೋದವನು ಹಿಂದಿರುಗಲೂ ಬೇಕಷ್ಟೆ? ಆದುದರಿಂದ ಕೊನೆಯ ವಿದ್ಯುತ್ ಕಂಬದಿಂದಾಚೆಗೆ ಅವನು ಧೈರ್ಯವಾಗಿ ಸಾಗಬಹುದಾದ ದೂರ ೧೨೦ ಕಿಲೋಮೀಟರ್ ಮಾತ್ರ. ಸೂರ್ಯನಿದ್ದಾನಲ್ಲ ಎನ್ನುವವರುಂಟು. ಛಾವಣಿಯ ಮೇಲೆ ಹಾಸಬಹುದಾದ ೪೦೦ ವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿನ ದಿನ ೨ ಯೂನಿಟ್ ಕೊಟ್ಟೀತು. ಅದರಿಂದ ಕಾರು ೮ ಕಿಲೋಮೀಟರ್ ಹೋಗುತ್ತದೆ. ಅಷ್ಟು ದೂರವನ್ನು ನಡೆದೇ ಹೋಗಬಹುದು.

ನಮ್ಮ ಮಲೆನಾಡಿನಲ್ಲಿ ವಿದ್ಯುತ್ ತಂತಿಯಿಂದ ೧೨೦ ಕಿಲೋಮೀಟರ್ ದೂರವಿರುವ ಊರಾಗಲಿ ಕಾಡಾಗಲಿ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು, ತಂತಿ ಹರಿದು, ದಿನಗಟ್ಟಲೆ ಕತ್ತಲಾಗುವ ಸಂಗತಿಯೊಂದನ್ನು ಬಿಟ್ಟರೆ ಆಗುಂಬೆಗೋ ಕೊಡಚಾದ್ರಿಯ ತಪ್ಪಲಿಗೋ ಹೋಗುವವರಿಗೆ ಈ ಚರ್ಚೆ ಅನಾವಶ್ಯಕ. ನಿಜವಾದ ಪರೀಕ್ಷೆ ನಡೆಯುವುದು ಬೇರೆಡೆಗಳಲ್ಲಿ.

ಆಸ್ಟ್ರೇಲಿಯದ ದಕ್ಷಿಣದ ಅಂಚಿನಲ್ಲಿ ನಲ್ಲರ್ಬಾರ್ ಎಂಬ ವಿಶಾಲವಾದ ಬಯಲಿದೆ. ಹೆಸರು ಲ್ಯಾಟಿನ್ ಮೂಲದ್ದು. ‘ಮರವಿಲ್ಲದ್ದು’ ಎಂದು ಅದರ ಅರ್ಥ. ಆ ಸೀಮೆಯನ್ನು ಹಾದುಹೋಗುವ ಐರ್ ಹೆದ್ದಾರಿಯಲ್ಲಿ ಬಲ್ಲಡೋನಿಯ ಮತ್ತು ಕೈಗೂನ ಎಂಬ ಎರಡು ತಂಗುದಾಣಗಳ ನಡುವಣ ದೂರ ಸುಮಾರು ೧೮೦ ಕಿಲೋಮೀಟರ್. ಅದರಲ್ಲಿ ೧೪೬.೬ ಕಿಲೋಮೀಟರ್ ಒಂದೇ ಒಂದು ತಿರುವೂ ಇಲ್ಲದ ನೇರ ರಸ್ತೆ. ಊರುಗಳಿಲ್ಲದ ಈ ಹಾದಿಯಲ್ಲಿ ಇಂಧನ, ಊಟ, ವಸತಿ ಮೂರೂ ದೊರೆಯುವ ಒಂಟಿ ತಂಗುದಾಣಗಳೇ ಪ್ರಯಾಣಿಕನಿಗೆ ದಿಕ್ಕು. ದೇಶದ ವಿದ್ಯುತ್ ಜಾಲ ಅಲ್ಲಿಗೆ ತಲುಪಿಲ್ಲ. ಬೇಕಾದ ವಿದ್ಯುತ್ತನ್ನು ಅವು ಬಹುಮಟ್ಟಿಗೆ ಡೀಸೆಲ್ ಜನರೇಟರುಗಳಿಂದ ತಾವೇ ಉತ್ಪಾದಿಸಿಕೊಳ್ಳುತ್ತ ಬಂದವು. ಬ್ಯಾಟರಿಯ ಕಾರುಗಳನ್ನು ತಂದವರು ಅಲ್ಲಿ ಗಂಟೆಗಟ್ಟಲೆ ಕಾದು ಕುಳಿತಿರಬೇಕಾಗುತ್ತಿತ್ತು. ೨೦೨೨ರಲ್ಲಿ ಪರ್ತ್ ನಗರದ ನಿವೃತ್ತ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಕೈಗೂನದಲ್ಲಿ ಒಂದು ಸೋಜಿಗದ ಏರ್ಪಾಡನ್ನು ಮಾಡಿದರು. ತಂಗುದಾಣದ ಅಡುಗೆಮನೆಯಲ್ಲಿ ಆಲೂಗೆಡ್ಡೆಯನ್ನು ಕರಿದು ಉಳಿದ ಎಣ್ಣೆಯಿಂದಲೇ ಜನರೇಟರನ್ನು ನಡೆಸಿ, ಕಾರುಗಳಿಗೆ ವೇಗವಾಗಿ ವಿದ್ಯುತ್ ತುಂಬಿಸುವ ಯಂತ್ರ ಅದು! ಕೇಳಿದರೆ ನಗು ಬರುತ್ತದೆ. ಆದರೆ ಎಸೆಯಬೇಕಾದ ವಸ್ತುವನ್ನು ಇದ್ದ ಸ್ಥಳದಲ್ಲಿಯೇ ಶಕ್ತಿಯಾಗಿ ಮಾಡಿಕೊಂಡ ಆ ಬುದ್ಧಿಗೂ ಔಷಧದ ಅಂಗಡಿಯ ಮುಂದೆ ವಾಹನ ನಿಲ್ಲಿಸಿದ ಬರ್ಥಾ ಬೆಂಜಳ ಬುದ್ಧಿಗೂ ನೆಂಟಸ್ತಿಕೆಯಿದೆ. ಮುಂದಿನ ವರ್ಷಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ರಾಜ್ಯಸರಕಾರ ತನ್ನ ನೀಳವಾದ ಹೆದ್ದಾರಿಗಳ ಉದ್ದಕ್ಕೂ ಚಾರ್ಜಿಂಗ್ ಕೇಂದ್ರಗಳ ಸರಣಿಯನ್ನೇ ನಿರ್ಮಿಸಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಜನರೇಟರಿನಲ್ಲಿ ಡೀಸೆಲ್ ಸುಟ್ಟು ಬ್ಯಾಟರಿ ತುಂಬಿಸುವುದಾದರೆ ಅದೇ ಡೀಸೆಲನ್ನು ಕಾರಿನಲ್ಲಿಯೇ ಸುಡಬಾರದೇಕೆ? ಒಳ್ಳೆಯ ಜನರೇಟರೊಂದು ಲೀಟರ್ ಡೀಸೆಲಿನಿಂದ ಸುಮಾರು ೩ ಯೂನಿಟ್ ಕೊಡುತ್ತದೆ. ಎಂದರೆ ನಮ್ಮ ಆ ಇಪ್ಪತ್ತು ಲೀಟರಿನ ಕ್ಯಾನಿನಿಂದ ೬೦ ಯೂನಿಟ್. ಅದರಿಂದ ಕಾರು ೨೪೦ ಕಿಲೋಮೀಟರ್ ಹೋಗುತ್ತದೆ. ಭಾರವಾದ ಡೀಸೆಲ್ ಜೀಪು ಅದೇ ಕ್ಯಾನಿನಿಂದ ಅಂತಹ ಹಾದಿಯಲ್ಲಿ ಇದಕ್ಕಿಂತ ಹೆಚ್ಚು ದೂರ ಹೋದೀತೆಂದು ನನಗೆ ತೋರದು. ವ್ಯಂಗ್ಯಕ್ಕೆ ಒದಗುವ ಈ ಆಕ್ಷೇಪಣೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ದಾರಿಯ ಮಾತು ಹೀಗಾದರೆ ಬಿಡಾರದ ಮಾತೇ ಬೇರೆ. ಇಂದಿನ ಹಲವು ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಕ್ಕೂ ವಿದ್ಯುತ್ ತೆಗೆಯುವ ಏರ್ಪಾಡಿದೆ. ಡೇರೆಯ ದೀಪ, ಒಂದು ಸಣ್ಣ ಫ್ರಿಜ್ಜು, ಅನ್ನ ಬೇಯಿಸುವ ವಿದ್ಯುತ್ ಒಲೆ ಇವೆಲ್ಲಕ್ಕೂ ದಿನಕ್ಕೆ ೪ ಯೂನಿಟ್ ಧಾರಾಳವಾಗಿ ಸಾಕು. ಎರಡು ದಿನ ಬಿಡಾರ ಹೂಡಿದರೂ ಪ್ರಯಾಣದ ಬುತ್ತಿಯಲ್ಲಿ ಮೂವತ್ತು ಕಿಲೋಮೀಟರಿನಷ್ಟು ಮಾತ್ರ ಕರಗುತ್ತದೆ. ಹೊಗೆಯಿಲ್ಲ, ಜನರೇಟರಿನ ಗದ್ದಲವಿಲ್ಲ. ಚಳಿಗೆ ಅಂಜಿ ಎಂಜಿನ್ನನ್ನು ನಡೆಯಗೊಟ್ಟು ಮುಚ್ಚಿದ ಕಾರಿನಲ್ಲಿ ಮಲಗಿ, ಕಾರ್ಬನ್ ಮಾನಾಕ್ಸೈಡಿನಿಂದ ಮತ್ತೆ ಏಳದೆ ಹೋದವರು ಹಲವರು. ಬ್ಯಾಟರಿಯ ಕಾರಿನಲ್ಲಿ ಆ ಭಯವಿಲ್ಲ. ಬಿಡಾರಕ್ಕೆ ತಲುಪುವುದು ಯಾವ ವಾಹನಕ್ಕೆ ಕಷ್ಟವೋ ತಲುಪಿದ ಮೇಲೆ ಅದೇ ಎಲ್ಲಕ್ಕಿಂತ ಒಳ್ಳೆಯ ಸಂಗಾತಿ ಎಂಬುದು ವಿಚಿತ್ರವಾದರೂ ನಿಜ.

ನಮ್ಮ ದೇಶದಲ್ಲಿ ಇಂತಹ ವಾಹನದ ಸತ್ತ್ವವನ್ನು ಒರೆಗೆ ಹಚ್ಚಬಲ್ಲ ದಾರಿ ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿ. ೨೦೨೦ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಕೀಲಾಂಗ್‌ವರೆಗಿನ ಪಯಣ ಸುಲಭವಾಗಿದೆ. ಅಲ್ಲಿಂದಾಚೆ ಲೇಹ್‌ಗೆ ಸುಮಾರು ೩೫೦ ಕಿಲೋಮೀಟರ್. ಕೀಲಾಂಗ್‌ನ ಎತ್ತರ ಸುಮಾರು ೩,೦೮೦ ಮೀಟರ್. ಮುಂದಿನ ಬಾರಲಾಚಾ ಕಣಿವೆಮಾರ್ಗದ್ದು ಸುಮಾರು ೪,೮೯೦. ತರಗತಿಯಲ್ಲಿ ಕಲಿಯುವ ಪ್ರಚ್ಛನ್ನ ಶಕ್ತಿಯ ಸೂತ್ರವನ್ನು ಇಲ್ಲಿ ಬಳಸಿ ನೋಡಿ. ಜನ ಮತ್ತು ಸಾಮಾನು ಸೇರಿ ೨,೪೦೦ ಕಿಲೋಗ್ರಾಂ ತೂಗುವ ಕಾರನ್ನು ೧,೮೦೦ ಮೀಟರ್ ಮೇಲೆತ್ತಲು ಸುಮಾರು ೧೨ ಯೂನಿಟ್ ಬೇಕು. ಹಾದಿಯ ಸಾಮಾನ್ಯ ವೆಚ್ಚಕ್ಕೆ ಇದು ಸೇರ್ಪಡೆ. ಡೀಸೆಲ್ ಜೀಪು ಇಳಿಜಾರಿನಲ್ಲಿ ಈ ಶಕ್ತಿಯನ್ನೆಲ್ಲ ಬ್ರೇಕಿನ ಬಿಸಿಯಾಗಿ ಕಳೆದುಕೊಳ್ಳುತ್ತದೆ. ವಿದ್ಯುತ್ ಕಾರಿನ ಮೋಟಾರು ಇಳಿಯುವಾಗ ತಾನೇ ಜನರೇಟರಾಗಿ ತಿರುಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಮತ್ತೊಂದು ಅನುಕೂಲವೂ ಉಂಟು. ೫,೦೦೦ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡ ೬೦ರಷ್ಟೇ ಇರುತ್ತದೆ. ಅಲ್ಲಿ ಮನುಷ್ಯನಂತೆಯೇ ಎಂಜಿನ್ನೂ ಏದುಸಿರು ಬಿಡುತ್ತದೆ. ಮೋಟಾರಿಗೆ ಉಸಿರಾಟವೇ ಇಲ್ಲ.

ಹಾಗಾದರೆ ಕಾಗದದ ಮೇಲೆ ಈ ಪ್ರಯಾಣ ಸಾಧ್ಯ. ಕೆಲವರು ಸಾಧಿಸಿಯೂ ತೋರಿಸಿದ್ದಾರೆ. ಆದರೆ ಸಾಧ್ಯವಾದುದೆಲ್ಲ ವ್ಯವಹಾರ್ಯವಲ್ಲ. ೨೦೧೯ರಲ್ಲಿ ನಟ ಯೂಅನ್ ಮೆಕ್‌ಗ್ರೆಗರ್ ಮತ್ತು ಅವರ ಗೆಳೆಯ ಚಾರ್ಲಿ ಬೂರ್ಮನ್ ದಕ್ಷಿಣ ಅಮೆರಿಕದ ತುದಿಯಲ್ಲಿರುವ ಉಶುವಾಯದಿಂದ ಲಾಸ್ ಏಂಜಲೀಸಿನವರೆಗೆ ವಿದ್ಯುತ್ ಬೈಕುಗಳಲ್ಲಿ ಪಯಣಿಸಿದರು. ಬೆಂಬಲಕ್ಕೆ ರಿವಿಯನ್ ಸಂಸ್ಥೆಯ ವಿದ್ಯುತ್ ವಾಹನಗಳಿದ್ದವು. ಆದರೆ ದಾರಿಯಲ್ಲಿ ಚಾರ್ಜಿಂಗ್ ಯಂತ್ರಗಳನ್ನು ಆ ಸಂಸ್ಥೆಯೇ ಸ್ಥಾಪಿಸಿಕೊಟ್ಟಿತ್ತು. ನಮಗೆ ನಿಮಗೆ ಹಾಗೆ ಮುಂದಾಗಿ ಹೋಗಿ ಪ್ಲಗ್ಗು ನೆಟ್ಟುಕೊಡುವವರು ಯಾರು? ವಾಹನವೊಂದು ವ್ಯವಹಾರ್ಯವೇ ಎಂಬುದನ್ನು ಕೆಟ್ಟ ದಿನದಂದು ಪರೀಕ್ಷಿಸಬೇಕು. ಲಾಚುಂಗ್ ಕಣಿವೆಮಾರ್ಗದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತೆನ್ನಿ. ಸರ್ಚುವಿನ ಡೇರೆಯಲ್ಲಿ ಕೊರೆಯುವ ಚಳಿಯ ಎರಡು ರಾತ್ರಿಗಳನ್ನು ಕಳೆದು ಕೀಲಾಂಗ್‌ಗೇ ಹಿಂದಿರುಗಬೇಕಾಯಿತೆನ್ನಿ. ಜೀಪಿನವನು ಕ್ಯಾನಿನಿಂದ ಡೀಸೆಲ್ ಸುರಿದುಕೊಳ್ಳುತ್ತಾನೆ, ಇಲ್ಲವೆ ಲಾರಿಯವನನ್ನು ಬೇಡಿ ಪಡೆಯುತ್ತಾನೆ. ವಿದ್ಯುತ್ ಕಾರಿನವನಿಗೆ ಬೇಡಲೂ ಏನಿಲ್ಲ. ಕೆಟ್ಟು ನಿಂತ ಜೀಪನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲಿಯೂ ಸಿಗುತ್ತಾನೆ. ವಿದ್ಯುತ್ ಕಾರು ಕೆಡುವುದು ಅಪರೂಪವಾದರೂ ಕೆಟ್ಟಾಗ ಅವನ ಕೈಗೆ ಅದು ದಕ್ಕುವುದಿಲ್ಲ.

ಇದುವರೆಗೆ ಪ್ರಯಾಣಿಕನ ಅನುಕೂಲದ ಮಾತಾಯಿತು. ಆತ ತಲುಪುವ ಹಳ್ಳಿಯವರ ಮಾತನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. ಲಡಾಖ್ ದೇಶದ ವಿದ್ಯುತ್ ಜಾಲದೊಡನೆ ಸೇರಿದ್ದು ಶ್ರೀನಗರ–ಲೇಹ್ ತಂತಿಮಾರ್ಗ ಸಿದ್ಧವಾದ ಮೇಲೆ, ೨೦೧೯ರಲ್ಲಿ. ಅದಕ್ಕೆ ಮೊದಲು ಸ್ಥಳೀಯ ಜಲವಿದ್ಯುತ್ತೂ ಡೀಸೆಲ್ ಜನರೇಟರುಗಳೂ ಅಲ್ಲಿಯ ಆಧಾರ. ಸಂಜೆ ನಾಲ್ಕು ದೀಪ, ಒಂದು ಟಿ.ವಿ. ಹಚ್ಚುವ ಮನೆಗೆ ೨೦೦ ವ್ಯಾಟ್ ಸಾಕು. ಗೋಡೆಗೆ ಕೂಡಿಸಿದ ಸಾಧಾರಣ ಚಾರ್ಜಿಂಗ್ ಪೆಟ್ಟಿಗೆಯೊಂದು ಕಾರಿಗಾಗಿ ಎಳೆಯುವುದು ೭,೦೦೦ ವ್ಯಾಟ್. ಒಂದು ಕಾರು ನಿಂತಲ್ಲಿ ಮೂವತ್ತೈದು ಮನೆಗಳ ಬೆಳಕನ್ನು ಕುಡಿಯುತ್ತದೆ! ಪುಟ್ಟ ಟ್ರಾನ್ಸ್‌ಫಾರ್ಮರಿನ ಹಳ್ಳಿಗೆ ಒಂದೇ ಸಂಜೆ ಇಂತಹ ನಾಲ್ಕು ಕಾರುಗಳು ಬಂದರೆ ಕತ್ತಲಲ್ಲಿ ಕುಳಿತುಕೊಳ್ಳುವವರು ಯಾರು? ತಾನು ಹೊಗೆಯುಗುಳಲಿಲ್ಲವೆಂಬ ತೃಪ್ತಿಯಿಂದ ಪ್ರವಾಸಿ ನಿದ್ರಿಸುತ್ತಿರುವಾಗ, ಆ ಊರಿನ ಹುಡುಗಿಯೊಬ್ಬಳು ನಿಮ್ಮಂತೆಯೇ ಪರೀಕ್ಷೆಗೆ ಓದುತ್ತಿರಬಹುದು.

ಆದುದರಿಂದ ಇಂತಹ ಹಾದಿಗಳಲ್ಲಿ ಚಾರ್ಜಿಂಗ್ ಕೇಂದ್ರವನ್ನು ಹಳ್ಳಿಯ ತಂತಿಗೆ ನೇತುಹಾಕದೆ, ಸ್ವಂತ ಸೌರಫಲಕ ಮತ್ತು ಸ್ವಂತ ಬ್ಯಾಟರಿಗಳೊಡನೆ ರಸ್ತೆಯ ಅಂಗವಾಗಿಯೇ ನಿರ್ಮಿಸಬೇಕು. ಲಡಾಖಿನಲ್ಲಿ ಬಿಸಿಲಿಗೆ ಬರವಿಲ್ಲ. ಸ್ಪಿತಿ ಕಣಿವೆಯ ಕಾಜಾದಲ್ಲಿ, ೩,೬೦೦ ಮೀಟರಿಗೂ ಮೀರಿದ ಎತ್ತರದಲ್ಲಿ, ೨೦೨೧ರಲ್ಲಿಯೇ ಒಂದು ಚಾರ್ಜಿಂಗ್ ಕೇಂದ್ರ ತೆರೆಯಿತು. ಎತ್ತರವೊಂದೇ ಅಡ್ಡಿಯಲ್ಲವೆಂಬುದಕ್ಕೆ ಅದು ಸಾಕ್ಷಿ. ಸರ್ಚು, ಪಾಂಗ್‌ಗಳಲ್ಲಿಯೂ ಅಂತಹವು ಏಳುವವರೆಗೆ ಕೀಲಾಂಗ್‌ನಿಂದಾಚೆಗೆ ಒಂಟಿಯಾಗಿ ವಿದ್ಯುತ್ ಕಾರನ್ನು ಒಯ್ಯಬೇಡಿರೆಂದೇ ನಾನು ಹೇಳುತ್ತೇನೆ. ಕೀಲಾಂಗ್‌ಗೆ ಹತ್ತಿರದ ಟಾಂಡಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕು ೩೬೫ ಕಿಲೋಮೀಟರ್ ದೂರದಲ್ಲಿದೆಯೆಂದು ಎಚ್ಚರಿಸುವ ಫಲಕವೊಂದು ಬಹುಕಾಲದಿಂದ ಪ್ರಸಿದ್ಧವಾಗಿದೆ. ಅದರ ಪಕ್ಕದಲ್ಲಿಯೇ ಇನ್ನೊಂದು ಫಲಕವನ್ನು ನೆಡಬೇಕು: ಮುಂದಿನ ಪ್ಲಗ್ಗು ಎಷ್ಟು ದೂರ, ಅಲ್ಲಿ ದಿನಕ್ಕೆ ಎಷ್ಟು ಯೂನಿಟ್ ದೊರೆಯುತ್ತದೆ, ಅದರಲ್ಲಿ ಊರಿನವರ ಪಾಲು ಕಳೆದು ಪ್ರಯಾಣಿಕರಿಗೆ ಉಳಿಯುವುದೆಷ್ಟು.