ಕೇಳದೆ ಉಳಿದ ಒಂದು ಪ್ರಶ್ನೆ

ಬೋಧನಾಭ್ಯಾಸದ ಮೂರನೇ ವಾರ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠದಲ್ಲಿ ಮಲೇರಿಯಾ ಭಾಗವನ್ನು ತೆಗೆದುಕೊಂಡೆ. ತೊಡಗಿಸಿಕೊಳ್ಳುವ ಹಂತದಲ್ಲಿ ಸೊಳ್ಳೆಯ ಚಿತ್ರದ ಬದಲು ಒಬ್ಬ ಸೈಕಲ್ ಸವಾರರ ಫೋಟೊ ತೋರಿಸಿದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಕೊನೆಯಲ್ಲಿ ಬರೆದ ಟಿಪ್ಪಣಿ ಹೀಗಿತ್ತು: "ಕಥೆಗೆ 12 ನಿಮಿಷ ಹೋಗಿದೆ. ಪರಾವಲಂಬಿಯ ಜೀವನಚಕ್ರ ಪೂರ್ಣಗೊಂಡಿಲ್ಲ." ಎರಡೂ ಮಾತು ನಿಜ. ಆದರೂ ಆ ಕಥೆ ಮಲೇರಿಯಾ ಪಾಠದಲ್ಲಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

ಆ ಸವಾರರ ಹೆಸರು ಫಾಸ್ಟೊ ಕೊಪ್ಪಿ. ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಕಾಸ್ಟೆಲ್ಲಾನಿಯಾ ಎಂಬ ಸಣ್ಣ ಊರಿನಲ್ಲಿ 1919ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಸೈಕಲ್ಲಿನಲ್ಲಿ ಗಿರಾಕಿಗಳ ಮನೆಗೆ ಮಾಂಸ ಮುಟ್ಟಿಸುತ್ತಿದ್ದರು. 1940ರಲ್ಲಿ, 20ನೇ ವಯಸ್ಸಿಗೆ, ಇಟಲಿಯನ್ನು ಸುತ್ತುವ 'ಜೀರೊ' ಸ್ಪರ್ಧೆಯನ್ನು ಗೆದ್ದರು. 1942ರಲ್ಲಿ, ಯುದ್ಧದ ನಡುವೆಯೇ, ಮಿಲಾನಿನ ಟ್ರ್ಯಾಕ್‌ನಲ್ಲಿ ಒಂದು ಗಂಟೆಯಲ್ಲಿ 45.798 ಕಿ.ಮೀ. ಸವಾರಿ ಮಾಡಿ ವಿಶ್ವದಾಖಲೆ ಬರೆದರು. ಮರುವರ್ಷ ಸೈನಿಕನಾಗಿ ಟ್ಯುನೀಷಿಯಾದಲ್ಲಿ ಬ್ರಿಟಿಷರಿಗೆ ಸೆರೆ ಸಿಕ್ಕರು. ಯುದ್ಧ ಅವರ ಒಳ್ಳೆಯ ವರ್ಷಗಳನ್ನು ನುಂಗಿತು. ಆದರೂ ಒಟ್ಟು ಐದು ಬಾರಿ ಜೀರೊ, ಎರಡು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದರು. 1949ರಲ್ಲಿ ಎರಡನ್ನೂ ಒಂದೇ ವರ್ಷ ಗೆದ್ದ ಮೊದಲಿಗರಾದರು.

ಅದೇ ವರ್ಷದ ಜೀರೊದಲ್ಲಿ ಕೂನಿಯೊದಿಂದ ಪಿನೆರೋಲೊವರೆಗಿನ 254 ಕಿ.ಮೀ. ಹಂತದಲ್ಲಿ ಆಲ್ಪ್ಸ್‌ನ ಐದು ಕಣಿವೆದಾರಿಗಳನ್ನು ಹತ್ತಿ ಇಳಿಯಬೇಕಿತ್ತು. ಕೊಪ್ಪಿ 192 ಕಿ.ಮೀ. ಒಬ್ಬರೇ ಮುಂದಿದ್ದರು. ಅವರ ದೊಡ್ಡ ಪ್ರತಿಸ್ಪರ್ಧಿ ಜೀನೊ ಬಾರ್ತಾಲಿ ಎರಡನೆಯವರಾಗಿ ಬಂದದ್ದು ಸುಮಾರು 12 ನಿಮಿಷಗಳ ನಂತರ. ಕೊಪ್ಪಿಯವರ ಮಾಲೀಶುದಾರ ಬಿಯಾಜೊ ಕವಾನ್ನಾ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸ್ನಾಯುಗಳನ್ನು ಮುಟ್ಟಿಯೇ ಸವಾರನ ಸ್ಥಿತಿ ತಿಳಿಯುತ್ತಿದ್ದರು. ಅಷ್ಟು ಎಚ್ಚರದಿಂದ ಗಮನಿಸಲ್ಪಟ್ಟ ದೇಹ ಅದು.

ನಾನು ಮಕ್ಕಳಿಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಇದರ ಮುಂದಿನ ಭಾಗ. 1959ರ ಡಿಸೆಂಬರ್‌ನಲ್ಲಿ ಕೊಪ್ಪಿ, ಫ್ರಾನ್ಸಿನ ರಾಫೆಲ್ ಜೆಮಿನಿಯಾನಿ ಮತ್ತು ಇನ್ನು ಕೆಲವರು ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾಗೆ, ಅಂದರೆ ಇಂದಿನ ಬುರ್ಕಿನಾ ಫಾಸೊಗೆ, ಪ್ರದರ್ಶನ ಸ್ಪರ್ಧೆಗೆಂದು ಹೋದರು. ಅಲ್ಲಿ ಸೊಳ್ಳೆ ಕಚ್ಚಿತು. ಊರಿಗೆ ಮರಳಿದ ಮೇಲೆ ಕೊಪ್ಪಿ, ಜೆಮಿನಿಯಾನಿ ಇಬ್ಬರಿಗೂ ತೀವ್ರ ಜ್ವರ ಬಂತು. ಫ್ರಾನ್ಸಿನಲ್ಲಿ ಜೆಮಿನಿಯಾನಿಯವರ ರಕ್ತದಲ್ಲಿ ಮಲೇರಿಯಾ ಪತ್ತೆಯಾಯಿತು, ಕ್ವಿನೈನ್ ಕೊಟ್ಟರು, ಅವರು ಬದುಕಿದರು. ಇಟಲಿಯಲ್ಲಿ ಕೊಪ್ಪಿಯವರ ಜ್ವರವನ್ನು ಮಲೇರಿಯಾ ಎಂದು ವೈದ್ಯರು ಗುರುತಿಸಲಿಲ್ಲ. 1960ರ ಜನವರಿ 2ರಂದು ಟೊರ್ಟೋನಾದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 40 ವರ್ಷ. ಜೆಮಿನಿಯಾನಿ 2024ರವರೆಗೆ, 99 ವರ್ಷ ಬಾಳಿದರು.

ವಿಜ್ಞಾನ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. ಪ್ರವಾಸ ಒಂದೇ, ರೋಗ ಒಂದೇ, ಇಬ್ಬರೂ ಗಟ್ಟಿಮುಟ್ಟಾದ ಕ್ರೀಡಾಪಟುಗಳು. ಫಲಿತಾಂಶ ಮಾತ್ರ ಬೇರೆ.

ತರಗತಿಯಲ್ಲಿ ಒಬ್ಬಳು ಹುಡುಗಿ ತಕ್ಷಣ ಕೇಳಿದಳು: "ಮಿಸ್, ಇಟಲಿಯಲ್ಲಿ ಔಷಧಿ ಇರ್ಲಿಲ್ವಾ?"

ಇತ್ತು. ಸಿಂಕೋನಾ ಮರದ ತೊಗಟೆ ಯುರೋಪಿಗೆ 17ನೇ ಶತಮಾನದಿಂದಲೇ ಗೊತ್ತಿತ್ತು. ಅದರಿಂದ ಕ್ವಿನೈನನ್ನು 1820ರಲ್ಲೇ ಬೇರ್ಪಡಿಸಿದ್ದರು. ಜ್ಞಾನಕ್ಕೂ ಕೊರತೆಯಿರಲಿಲ್ಲ. 'ಮಲೇರಿಯಾ' ಎಂಬ ಪದವೇ ಇಟಲಿಯದು; ಕೆಟ್ಟ ಗಾಳಿ ಎಂದು ಅದರ ಅರ್ಥ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಪರಾವಲಂಬಿಯನ್ನು ಕಂಡರು. ಮರುವರ್ಷವೇ ಮನುಷ್ಯನಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು ತೋರಿಸಿದ ಜೊವಾನ್ನಿ ಬತ್ತಿಸ್ತಾ ಗ್ರಾಸ್ಸಿ ಇಟಲಿಯವರೇ. ಆದರೆ ಎರಡನೇ ಮಹಾಯುದ್ಧದ ನಂತರ ಡಿಡಿಟಿ ಸಿಂಪಡಿಸಿ ಇಟಲಿ ಮಲೇರಿಯಾವನ್ನು ಬಹುಮಟ್ಟಿಗೆ ಓಡಿಸಿತ್ತು. ಕಣ್ಣಿಂದ ಮರೆಯಾದ ರೋಗ ಮನಸ್ಸಿನಿಂದಲೂ ಮರೆಯಾಗಿತ್ತೆಂದು ನನಗನ್ನಿಸುತ್ತದೆ. ಡಿಸೆಂಬರ್ ಚಳಿಯಲ್ಲಿ ಜ್ವರ ಬಂದವರನ್ನು ಕಂಡಾಗ 'ಇತ್ತೀಚೆಗೆ ಎಲ್ಲಿಗೆ ಹೋಗಿದ್ದಿರಿ?' ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ತೂಕ ಸಿಗಲಿಲ್ಲ.

ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅದುವರೆಗೆ ಮೂರು ವಾರಗಳಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. "ಮಿಸ್, ನಮ್ಮಪ್ಪ ಮಂಗ್ಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬಂದಾಗ ಹಿಂಗೇ ಜ್ವರ ಬಂದಿತ್ತು. ಮೆಡಿಕಲ್ ಶಾಪಲ್ಲಿ ಮಾತ್ರೆ ಕೊಟ್ರು. ಎಲ್ಲಿಗೆ ಹೋಗಿದ್ರಿ ಅಂತ ಯಾರೂ ಕೇಳ್ಲಿಲ್ಲ. ವಾರ ಆದ್ಮೇಲೆ ಆಸ್ಪತ್ರೇಲಿ ರಕ್ತ ತಗೊಂಡ್ರು, ಮಲೇರಿಯಾ ಅಂದ್ರು."

ಅಪ್ಪ ಈಗ ಹೇಗಿದ್ದಾರೆ ಎಂದು ಕೇಳಿದೆ. ಚೆನ್ನಾಗಿದ್ದಾರೆ, ಮತ್ತೆ ಮಂಗಳೂರಿಗೆ ಹೋಗಿದ್ದಾರೆ ಎಂದ.

ನನ್ನ ವಾದವೆಲ್ಲ ಈ ಹುಡುಗನ ಮಾತಿನಲ್ಲೇ ಇದೆ. ನಾವು ಚಾರ್ಟ್ ಮೇಲೆ ಬಾಣದ ಗುರುತು ಹಾಕಿ ಪರಾವಲಂಬಿ ಸೊಳ್ಳೆಯಿಂದ ಯಕೃತ್ತಿಗೆ, ಯಕೃತ್ತಿನಿಂದ ರಕ್ತಕಣಕ್ಕೆ ಹೋಗುವುದನ್ನು ಕಲಿಸುತ್ತೇವೆ. ಅದು ಬೇಕು. ಕಚ್ಚಿದ ದಿನವೇ ಜ್ವರ ಬಾರದೆ, ಊರಿಗೆ ಮರಳಿ ಹಲವು ದಿನಗಳಾದ ಮೇಲೆ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಆ ಯಕೃತ್ತಿನ ಹಂತದಲ್ಲೇ ಇದೆ. ಆದರೆ ಚಿತ್ರ ಬರೆದು ಅಂಕ ಪಡೆದ ವಿದ್ಯಾರ್ಥಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ 'ಅಪ್ಪ ಮಂಗಳೂರಿನಿಂದ ಬಂದು ಹತ್ತು ದಿನ ಆಯಿತು, ರಕ್ತ ಪರೀಕ್ಷೆ ಮಾಡಿಸೋಣ' ಎನ್ನುವುದಿಲ್ಲವಾದರೆ ಕಲಿಕೆಯ ಫಲ ಪರೀಕ್ಷಾ ಹಾಳೆಯಲ್ಲೇ ಉಳಿಯಿತು.

ಸಹಪಾಠಿಗಳು ಎರಡು ಆಕ್ಷೇಪಗಳನ್ನು ಎತ್ತಿದರು. ಮೊದಲನೆಯದು, ಮಕ್ಕಳು ಕೇಳಿಯೇ ಇರದ ವಿದೇಶಿ ಸವಾರ ಏಕೆ ಎಂಬುದು. ಮಕ್ಕಳಿಗೆ ಇಟಲಿ ದೂರ, ಸೈಕಲ್ ದೂರವಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಬರುವವರು. ಅಲ್ಲದೆ, ದುರ್ಬಲರಿಗೆ ಮಾತ್ರ ರೋಗ ಬರುತ್ತದೆ ಎಂಬ ಅವರ ನಂಬಿಕೆಯನ್ನು ಈ ಫೋಟೊ ಒಂದೇ ಏಟಿಗೆ ಅಲುಗಾಡಿಸಿತು.

ಎರಡನೆಯದು ಹೆಚ್ಚು ಗಟ್ಟಿ ಆಕ್ಷೇಪ. ಕೊಪ್ಪಿ ಉತ್ತೇಜಕ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ದೂರದರ್ಶನದ ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡವರು. ಅಂಥವರನ್ನು ಮಕ್ಕಳ ಮುಂದೆ ಆದರ್ಶವಾಗಿ ನಿಲ್ಲಿಸಬಹುದೆ? ಆ ಕಾಲದ ಸ್ಪರ್ಧೆಗಳಲ್ಲಿ ಆಂಫೆಟಮಿನ್ ಸಾಮಾನ್ಯವಾಗಿತ್ತು ಎಂಬುದು ವಿವರಣೆಯಾದೀತು, ಸಮರ್ಥನೆಯಾಗದು. ಆದರೆ ನಾನು ಅವರನ್ನು ಆದರ್ಶವಾಗಿ ಅಲ್ಲ, ಒಂದು ಪ್ರಕರಣವಾಗಿ ತರಗತಿಗೆ ತರುತ್ತಿದ್ದೇನೆ. ಮಕ್ಕಳು ಕೇಳಿದರೆ ಮಾತ್ರೆಯ ವಿಷಯವನ್ನೂ ಹೇಳಬೇಕು. ಬೇಡದ ದತ್ತಾಂಶವನ್ನು ಮುಚ್ಚಿಡುವುದು ವಿಜ್ಞಾನ ಶಿಕ್ಷಕರಿಗೆ ಸಲ್ಲದು.

ಇಟಲಿ ಅವರನ್ನು ಇಂದಿಗೂ ಮರೆತಿಲ್ಲ. 1965ರಿಂದ ಪ್ರತಿ ಜೀರೊದಲ್ಲಿ ಅತಿ ಎತ್ತರದ ಶಿಖರದಾರಿಯನ್ನು 'ಚೀಮಾ ಕೊಪ್ಪಿ' ಎನ್ನುತ್ತಾರೆ. ಅವರು ಹುಟ್ಟಿದ ಊರು ಈಗ ಕಾಸ್ಟೆಲ್ಲಾನಿಯಾ ಕೊಪ್ಪಿ. ನಮ್ಮ ಪಾಠಕ್ಕೆ ಮಾತ್ರ ಅವರ ಗೆಲುವುಗಳಿಗಿಂತ ಕೊನೆಯ ವಾರವೇ ಹೆಚ್ಚು ಉಪಯುಕ್ತ.

ಉಪನ್ಯಾಸಕರ ಟಿಪ್ಪಣಿಯನ್ನು ಒಪ್ಪಿ, ಬಿ ವಿಭಾಗಕ್ಕೆ ಪಾಠ ಮಾಡುವಾಗ ಗೆಲುವುಗಳ ಪಟ್ಟಿಯನ್ನು ಕತ್ತರಿಸಿದೆ. ಕಪ್ಪುಹಲಗೆಯ ಮೇಲೆ ಎರಡು ಅಂಕಣ ಬರೆದು, ಒಂದರಲ್ಲಿ ಕೊಪ್ಪಿ, ಇನ್ನೊಂದರಲ್ಲಿ ಜೆಮಿನಿಯಾನಿ ಎಂದು ಬರೆದೆ. ಆರು ನಿಮಿಷ ಸಾಕಾಯಿತು, ಜೀವನಚಕ್ರವೂ ಮುಗಿಯಿತು. ಮೌಲ್ಯಮಾಪನದಲ್ಲಿ ಒಂದು ಪ್ರಶ್ನೆ ಸೇರಿಸಿದೆ: ಜ್ವರ ಬಂದವರನ್ನು ನೀವು ಮೊದಲು ಏನು ಕೇಳುತ್ತೀರಿ? 38 ಮಕ್ಕಳಲ್ಲಿ 29 ಮಂದಿ 'ಎಲ್ಲಿಗೆ ಹೋಗಿದ್ದಿರಿ' ಎಂದು ಬರೆದಿದ್ದರು. ಉಳಿದ ಒಂಬತ್ತು ಮಕ್ಕಳಿಗಾಗಿ ನನ್ನ ಪಾಠಯೋಜನೆಯನ್ನು ಇನ್ನೊಮ್ಮೆ ತಿದ್ದುತ್ತಿದ್ದೇನೆ.